ದೊಡ್ಡ ಎಲ್, ಸಣ್ಣ ಎಲ್

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಮಲಯಾಳದಲ್ಲಿಯೂ ಇಲ್ಲ, ಮರಾಠಿಯಲ್ಲಿಯೂ ಇಲ್ಲ. ಅರಸನ ಹೆಸರಿಗೂ ಆಳಿನ ಹೆಸರಿಗೂ ನಾವು ಬರೆಯುವ ‘ರ’ ಒಂದೇ ಅಳತೆಯದು. ವಾಕ್ಯದ ಮೊದಲಿಗೆ ಬಂದ ಅಕ್ಷರಕ್ಕೆ ನಡುವೆ ಬಂದ ಅಕ್ಷರಕ್ಕಿಂತ ಹೆಚ್ಚಿನ ಮರ್ಯಾದೆಯೇನೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, ಒಂದೊಂದು ಅಕ್ಷರಕ್ಕೂ ಎರಡೆರಡು ವೇಷ. ಮೊಳೆ ಜೋಡಿಸುವ ಕಾಲದಲ್ಲಿ ಅಲ್ಲಿನ ಕಂಪಾಸಿಟರನು ದೊಡ್ಡಕ್ಷರಗಳ ಪೆಟ್ಟಿಗೆಯನ್ನು ಮೇಲೆ, ಸಣ್ಣಕ್ಷರಗಳ ಪೆಟ್ಟಿಗೆಯನ್ನು ಕೆಳಗೆ ಇಟ್ಟುಕೊಳ್ಳುತ್ತಿದ್ದ. ‘ಅಪ್ಪರ್ ಕೇಸ್’, ‘ಲೋವರ್ ಕೇಸ್’ ಎಂಬ ಮಾತು ಹುಟ್ಟಿದ್ದು ಆ ಪೆಟ್ಟಿಗೆಗಳಿಂದ.

ಇನ್ನೊಬ್ಬರ ಮನೆಯ ಈ ಪೆಟ್ಟಿಗೆಗಳ ಗೊಡವೆ ಸೊಲ್ಲಾಪುರದ ಕನ್ನಡಿಗನಿಗೆ ಯಾಕೆ, ಎಂದು ಓದುಗರು ಕೇಳಬಹುದು. ಗೊಡವೆ ಇದೆ. ನಮ್ಮ ಹೆಸರುಗಳು ಇಂದು ಕನ್ನಡದಲ್ಲಿ ಇರುವುದು ಮದುವೆಯ ಕಾಗದದಲ್ಲಿ, ಮಠದ ವರ್ಗಣಿ ಪಾವತಿಯಲ್ಲಿ, ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ. ಉಳಿದ ಕಡೆ ಅವು ಮರಾಠಿಯಲ್ಲಿ ಇರುತ್ತವೆ, ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತವೆ. ಕಾಸರಗೋಡಿನ ಕಡೆಯ ನಿಮ್ಮ ಹೆಸರುಗಳು ಮಲಯಾಳದಲ್ಲಿ ಇದ್ದಂತೆ. 1956ರಲ್ಲಿ ನೀವು ಕೇರಳಕ್ಕೆ ಸೇರಿದಿರಿ; ನಾವು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು. ಗಡಿಯ ಮಾತು ಹಾಗಿರಲಿ. ಹೆಸರು ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟುವಾಗ ಸುಂಕದ ಕಟ್ಟೆಯಲ್ಲಿ ಏನೇನು ಕಳೆದುಕೊಳ್ಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ.

ನಮ್ಮ ಊರಿನ ಹೆಸರನ್ನೇ ನೋಡಿರಿ. ಸಿದ್ಧರಾಮನ ಕಾಲಕ್ಕೆ ಇದು ಸೊನ್ನಲಿಗೆ. ಇಂದು ಕನ್ನಡದಲ್ಲಿ ಸೊಲ್ಲಾಪುರ: ‘ಸೊ’ ಹ್ರಸ್ವ, ‘ಲ’ಕ್ಕೆ ಒತ್ತು. ಮರಾಠಿಯಲ್ಲಿ ಸೋಲಾಪೂರ: ‘ಸೋ’ ದೀರ್ಘ, ಒತ್ತಿಲ್ಲ, ‘ಪೂ’ ಕೂಡ ದೀರ್ಘ. ಬ್ರಿಟಿಷರ ಕಾಗದಗಳಲ್ಲಿ ಶೋಲಾಪುರ. ಊರು ಒಂದೇ, ಕೆರೆಯ ನಡುವಿನ ಸಿದ್ಧೇಶ್ವರನ ಗುಡಿ ಒಂದೇ, ಸಂಕ್ರಾಂತಿಯ ಜಾತ್ರೆ ಒಂದೇ. ಆದರೆ ಈ ಹೆಸರುಗಳನ್ನು ಕಂಪ್ಯೂಟರಿನ ಮುಂದಿಟ್ಟು ‘ಇವೆಲ್ಲ ಒಂದೆಯೇ?’ ಎಂದು ಕೇಳಿದರೆ ಅದು ಅಲ್ಲ ಎನ್ನುತ್ತದೆ.

ಕಂಪ್ಯೂಟರು ಎರಡು ಹೆಸರುಗಳನ್ನು ಹೋಲಿಸುವ ರೀತಿ ಬಹಳ ಸರಳ. ಅದಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1963ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಆಸ್ಕಿ ಎಂಬ ಪಟ್ಟಿಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟರು. ಮೊದಲು ದೊಡ್ಡಕ್ಷರಗಳಷ್ಟೇ ಇದ್ದವು. ಸಣ್ಣವು ಸೇರಿದ್ದು 1967ರ ಪರಿಷ್ಕರಣೆಯಲ್ಲಿ. ದೊಡ್ಡ ‘ಎಲ್’ 76, ಸಣ್ಣ ‘ಎಲ್’ 108. ಯಾವ ಅಕ್ಷರ ತೆಗೆದುಕೊಂಡರೂ ದೊಡ್ಡದಕ್ಕೂ ಸಣ್ಣದಕ್ಕೂ 32ರ ಅಂತರ. ನಮ್ಮ ಕಣ್ಣಿಗೆ ಒಂದೇ ಅಕ್ಷರದ ಎರಡು ರೂಪಗಳಾದ ಇವು ಯಂತ್ರಕ್ಕೆ ಪೂರ್ತಿ ಬೇರೆ. ಒಬ್ಬ ಗುಮಾಸ್ತ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು, ಇನ್ನೊಬ್ಬ ಮೊದಲನೆಯದನ್ನು ಮಾತ್ರ ದೊಡ್ಡದಾಗಿ ಬರೆದರೆ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ.

ಇದಕ್ಕೆ ಪ್ರೋಗ್ರಾಂ ಬರೆಯುವವರು ಹುಡುಕಿಕೊಂಡ ಉಪಾಯವೂ ಸರಳ. ಹೋಲಿಸುವ ಮೊದಲು ಎರಡೂ ಹೆಸರುಗಳನ್ನು ಒಂದೇ ವೇಷಕ್ಕೆ ತರುವುದು: ಎಲ್ಲವನ್ನೂ ದೊಡ್ಡದು ಮಾಡು, ಅಥವಾ ಎಲ್ಲವನ್ನೂ ಸಣ್ಣದು ಮಾಡು, ಆಮೇಲೆ ಹೋಲಿಸು. ಫಾಕ್ಸ್‌ಪ್ರೋದಲ್ಲಿ ಇದಕ್ಕೆ ‘ಅಪ್ಪರ್’ ಎಂಬ ಆಜ್ಞೆ ಇತ್ತು. ಜಾವಾದಲ್ಲಿ ‘ಈಕ್ವಲ್ಸ್ ಇಗ್ನೋರ್ ಕೇಸ್’ ಇದೆ. ಪೈಥಾನಿನಲ್ಲಿ ‘ಕೇಸ್‌ಫೋಲ್ಡ್’ ಇದೆ. ಕಂಪ್ಯೂಟರ್ ಕಲಿಯುವ ಹುಡುಗರಿಗೆ ಎರಡನೆಯ ವಾರದಲ್ಲೇ ಹೇಳಿಕೊಡುವ ಪಾಠ ಇದು. 1990ರ ದಶಕದ ಕೊನೆಯಲ್ಲಿ ಸೊಲ್ಲಾಪುರದ ಒಂದು ಗಲ್ಲಿಯಲ್ಲಿ, ಕೆಳಗೆ ಪವರ್‌ಲೂಮಿನ ಸದ್ದು, ಮೇಲಿನ ಮಾಳಿಗೆಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡು ನಾನೂ ಈ ಪಾಠವನ್ನು ಹೇಳುತ್ತಿದ್ದೆ. ಮಗ್ಗದ ಸದ್ದಿಗೆ ಕಿಟಕಿ ಮುಚ್ಚಿಕೊಂಡು, ‘ದೊಡ್ಡದು ಸಣ್ಣದು ಮರೆತುಬಿಡಿ, ಹೆಸರು ಒಂದೇ ಅಲ್ಲವೇ’ ಎಂದು ಹುಡುಗರಿಗೆ ವಿವರಿಸಿದರೆ ಎಲ್ಲರೂ ತಲೆ ಆಡಿಸುತ್ತಿದ್ದರು.

ಆ ಕಾಲದಲ್ಲೇ ಒಂದು ಪತಸಂಸ್ಥೆಯವರು ನನ್ನನ್ನು ಕರೆಸಿದರು. ಪತಸಂಸ್ಥೆ ಎಂದರೆ ನಿಮ್ಮಲ್ಲಿ ಪತ್ತಿನ ಸಹಕಾರಿ ಸಂಘ ಎನ್ನುವಿರಲ್ಲ, ಅದು. ಯಾವ ಸಂಸ್ಥೆ ಎಂಬುದು ಇಲ್ಲಿ ಮುಖ್ಯವಲ್ಲ. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳವರು, ಮನೆಯಲ್ಲಿ ಕನ್ನಡ ಆಡುವವರು. ಖಾತೆಯ ಪುಸ್ತಕಗಳು ಮರಾಠಿಯಲ್ಲಿದ್ದವು. ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಏರಿಸಿದ ಮೇಲೆ ಒಂದೇ ಮನುಷ್ಯನ ಹೆಸರು ಎರಡು ಮೂರು ಕಡೆ ಬಂದಿದೆ ಎಂದು, ಬೇರೆ ಊರಿನಿಂದ ಬಂದ ಪ್ರೋಗ್ರಾಮರನೊಬ್ಬನಿಂದ ‘ಜೋಡಿ ಹೆಸರು ತೆಗೆಯುವ’ ಒಂದು ಪ್ರೋಗ್ರಾಂ ಬರೆಸಿದ್ದರು. ಒಂದು ರಾತ್ರಿ ಅದನ್ನು ಓಡಿಸಿದ್ದೂ ಆಗಿತ್ತು.

ನಮ್ಮ ಕಡೆಯ ಹೆಸರುಗಳ ಬಗ್ಗೆ ಒಂದು ಮಾತು ಹೇಳಬೇಕು. ಸಿದ್ಧರಾಮನ ಊರಾದ್ದರಿಂದ ಮನೆಗೊಬ್ಬ ಸಿದ್ಧರಾಮ. ಅವನು ಬಾಯಲ್ಲಿ ಸಿದ್ರಾಮ. ಕಾಗದದಲ್ಲಿ ಹಲವು ರೂಪ. ಅಡ್ಡಹೆಸರು ಕೇಳಿದರೆ ಅರ್ಧ ಊರು ಪಾಟೀಲ, ಇನ್ನರ್ಧ ಬಿರಾಜದಾರ. ಹೆಣ್ಣುಮಕ್ಕಳ ಹೆಸರಿನ ಮುಂದೆ ಗಂಡನ ಹೆಸರು, ಅದರ ಮುಂದೆ ಅಡ್ಡಹೆಸರು. ಹೀಗಾಗಿ ಒಂದೇ ಹಳ್ಳಿಯಲ್ಲಿ ಇಬ್ಬರು ಹೆಂಗಸರ ಗಂಡನ ಹೆಸರು, ಅಡ್ಡಹೆಸರು, ಊರು ಎಲ್ಲವೂ ಕೂಡಿಬರುವುದು ಅಪರೂಪವೇನಲ್ಲ. ಅವರನ್ನು ಬೇರೆ ಮಾಡುವುದು ಅವರದೇ ಹೆಸರು ಮಾತ್ರ.

ಅಂಥ ಇಬ್ಬರು ಈ ಪಟ್ಟಿಯಲ್ಲಿ ಇದ್ದರು. ನಿಜವಾದ ಹೆಸರುಗಳನ್ನು ಇಲ್ಲಿ ಕೊಡುವುದಿಲ್ಲ; ಒಬ್ಬಾಕೆ ಮಲ್ಲವ್ವ, ಇನ್ನೊಬ್ಬಾಕೆ ಮಾಳವ್ವ ಎಂದುಕೊಳ್ಳಿರಿ. ಮಲ್ಲವ್ವ ಎಂಬುದು ಮಲ್ಲಯ್ಯನ ಹೆಸರು. ಮಾಳವ್ವ ಎಂಬುದು ಹುಲಜಂತಿಯ ಮಾಳಿಂಗರಾಯನಿಗೆ ನಡೆದುಕೊಳ್ಳುವವರ ಮನೆಯ ಹೆಸರು. ಇವೆರಡನ್ನು ಒಂದೆಂದು ತಿಳಿಯುವ ಮನುಷ್ಯ ಆ ತಾಲೂಕಿನಲ್ಲಿ ಸಿಗುವುದಿಲ್ಲ. ಆದರೆ ಮರಾಠಿ ಖಾತೆಯಲ್ಲಿ ಮಲ್ಲವ್ವನ ಒತ್ತು ಮೊದಲೇ ಜಾರಿ ಅದು ‘ಮಲವ್ವ’ ಆಗಿತ್ತು. ಇಂಗ್ಲಿಷಿನಲ್ಲಿ ‘ಮ’ಕ್ಕೂ ‘ಮಾ’ಕ್ಕೂ ಅದೇ ‘ಎಂ, ಎ’. ಉಳಿದದ್ದು ‘ಲ’ ಮತ್ತು ‘ಳ’ಗಳ ಅಂತರ ಒಂದೇ.

ಪ್ರೋಗ್ರಾಂ ಇಬ್ಬರನ್ನೂ ಒಬ್ಬರೆಂದು ತಿಳಿಯಿತು. ಮೊದಲನೆಯ ಖಾತೆಯನ್ನು ಉಳಿಸಿ, ಎರಡನೆಯದರ ಠೇವಣಿಯನ್ನು ಅದಕ್ಕೆ ಕೂಡಿಸಿ, ಎರಡನೆಯದನ್ನು ಅಳಿಸಿತು. ಅದು ಮಾಳವ್ವನ ಖಾತೆ. ಆಕೆ ಮಗಳ ಹೆರಿಗೆಗೆಂದು ಹಣ ಬಿಡಿಸಲು ಬಂದಳು. ಮಗಳು ಸೊಲ್ಲಾಪುರದ ಆಸ್ಪತ್ರೆಯಲ್ಲಿ. ಹೊಟ್ಟೆ ಕೊಯ್ದು ತೆಗೆಯಬೇಕು ಎಂದಿದ್ದರು. ಕೌಂಟರಿನಲ್ಲಿ ನೋಡಿದರೆ ಹೆಸರೇ ಇಲ್ಲ. ಕೈಯಲ್ಲಿ ಪಾವತಿ ಇದೆ, ಕಂಪ್ಯೂಟರಿನಲ್ಲಿ ಖಾತೆ ಇಲ್ಲ. ಲೆಕ್ಕ ತಪಾಸಣೆ ಆಗುವವರೆಗೆ ಕಾಯಬೇಕು ಎಂದರು. ಹೆರಿಗೆ ಕಾಯುವುದೇ? ಆಕೆ ಕೊರಳಲ್ಲಿದ್ದ ಬೋರಮಾಳವನ್ನು ಒತ್ತೆಯಿಟ್ಟು ಆಸ್ಪತ್ರೆಗೆ ಕಟ್ಟಿದಳು.

ವಿಷಯ ಹೊರಬಿದ್ದದ್ದು ಮಲ್ಲವ್ವನಿಂದ. ಹದಿನೈದು ದಿನದ ಮೇಲೆ ಆ ಮುದುಕಿ ತನ್ನ ಪಾಸ್‌ಬುಕ್ಕನ್ನು ಓದಿಸಿಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದಳು. ನಾನು ಅಂದು ಅಲ್ಲೇ ಇದ್ದೆ.

“ತಮ್ಮಾ, ಈ ಬುಕ್ಕಿನ್ಯಾಗ ರೊಕ್ಕ ಭಾಳ ಅದ. ನಾ ಇಷ್ಟು ಇಟ್ಟಿಲ್ಲ. ಯಾರದರೆ ಬಂದು ಕೂಡಿರಬೇಕು, ನೋಡು.”

“ಆಯಿ, ಎಷ್ಟು ಇಟ್ಟಿದ್ರಿ ನೆನಪದೇನ್ರಿ?”

“ನೆನಪಿಲ್ಲದ ಏನು? ಎಮ್ಮಿ ಮಾರಿದ ರೊಕ್ಕ ಅದು. ಎಮ್ಮಿ ಒಂದ ಇತ್ತು, ಎರಡು ಇರಲಿಲ್ಲ.”

ಹೆಸರುಗಳನ್ನು ಏರಿಸಿದ್ದ ಹುಡುಗಿ ಅಲ್ಲೇ ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಕ್ಕಲಕೋಟೆ ಕಡೆಯ ಹಳ್ಳಿಯವಳು, ಏಳನೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ. ನಾನು ಮೂಲ ಕಡತವನ್ನು ತೆಗೆಸಿ ನೋಡಿದೆ. ಒಂದು ಹೆಸರಿನಲ್ಲಿ ‘ಎಲ್’ ಸಣ್ಣದು, ಇನ್ನೊಂದರಲ್ಲಿ ದೊಡ್ಡದು. ಹೆಸರಿನ ನಟ್ಟನಡುವೆ ಒಂದೇ ಒಂದು ದೊಡ್ಡಕ್ಷರ. ಅವಸರದಲ್ಲಿ ಕೈ ತಪ್ಪಿ ಬಿದ್ದದ್ದು ಎಂದು ಯಾರಾದರೂ ಹೇಳುವಂತಿತ್ತು. ಆದರೆ ಕೆಳಗೆ ಕೆಳಗೆ ನೋಡಿದರೆ ಕಾಳಪ್ಪ, ಬಾಳಪ್ಪ, ತಳವಾರ, ಎಲ್ಲ ಕಡೆಯೂ ಅದೇ ದೊಡ್ಡ ಎಲ್. ಕೇಳಿದೆ.

“ಸರ, ಅದು ನಾ ಬೇಕಂತನ ಹಾಕೇನ್ರಿ. ಸಣ್ಣ ಎಲ್ ಅಂದ್ರ ಲ, ದೊಡ್ಡ ಎಲ್ ಅಂದ್ರ ಳ. ಇಲ್ಲಂದ್ರ ಮಲ್ಲವ್ವ ಯಾರು, ಮಾಳವ್ವ ಯಾರು, ಹ್ಯಾಂಗ ತಿಳೀಬೇಕ್ರಿ?”

ಆಕೆಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಯುಕ್ತಿಯೂ ಇದೇ. ಅಲ್ಲಿ ಸಣ್ಣ ಎಲ್ ಒತ್ತಿದರೆ ‘ಲ’, ಶಿಫ್ಟ್ ಹಿಡಿದು ಒತ್ತಿದರೆ ‘ಳ’. ಸಣ್ಣ ಎನ್ ‘ನ’, ದೊಡ್ಡ ಎನ್ ‘ಣ’. ಇಂಗ್ಲಿಷಿನ ಬಡ ಅಕ್ಷರಮಾಲೆಯಲ್ಲಿ ನಮಗೆ ಜಾಗ ಸಾಲದಿದ್ದಾಗ, ಅವರು ಅಲಂಕಾರಕ್ಕೆ ಇಟ್ಟುಕೊಂಡಿದ್ದ ದೊಡ್ಡಕ್ಷರದಲ್ಲಿ ನಾವು ಸಂಸಾರ ಹೂಡಿದೆವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ನಿಖರವಾಗಿ ಬರೆಯುವ ಹಲವು ಪದ್ಧತಿಗಳು ನಿಂತಿರುವುದು ಈ ಭೇದದ ಮೇಲೆಯೇ. ಅದನ್ನು ಅಳಿಸಿದರೆ ‘ಹಾಲು’ ‘ಹಾಳು’ ಆಗುತ್ತದೆ. ‘ಬೆಲೆ’ಯೂ ‘ಬೆಳೆ’ಯೂ ಒಂದಾಗುತ್ತವೆ, ಇವೆರಡೂ ಒಂದೇ ಅಲ್ಲವೆಂಬುದನ್ನು ಅಕ್ಕಲಕೋಟೆಯ ತೊಗರಿ ಬೆಳೆಯುವವನನ್ನು ಕೇಳಿ ತಿಳಿಯಬೇಕು.

ಪ್ರೋಗ್ರಾಮಿನಲ್ಲಿ ಇದ್ದದ್ದು ಒಂದು ಸಾಲು: ಎಲ್ಲವನ್ನೂ ದೊಡ್ಡಕ್ಷರ ಮಾಡಿ ಹೋಲಿಸು. ಬರೆದವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಅವನ ಭಾಷೆಯಲ್ಲಿ ಆ ಭೇದಕ್ಕೆ ಅರ್ಥವಿರಲಿಲ್ಲ. ಅವನು ಕಸವೆಂದು ಗುಡಿಸಿದ್ದು ಈ ಹುಡುಗಿ ಕಾಪಾಡಿಟ್ಟಿದ್ದ ಕಾಳನ್ನು.

ಮ್ಯಾನೇಜರರಿಗೆ ಮನದಟ್ಟು ಮಾಡುವುದು ಅಷ್ಟು ಸುಲಭವಾಗಲಿಲ್ಲ. ಹುಡುಗಿ ಮುದುಕಿಯನ್ನು ‘ಆಯಿ’ ಎಂದು ಕರೆಯುತ್ತಿದ್ದುದನ್ನು ಕೇಳಿ ಅವರು, ಇವಳು ತನ್ನ ತಾಯಿಯ ಪರವಾಗಿ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ಅಕ್ಷರಕ್ಕೆ ಅಕ್ಷರ ಕೂಡಿದರೂ ಮನುಷ್ಯರು ಬೇರೆ ಇರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿರಲಿಲ್ಲ. ಅದನ್ನು ಹೇಳಿದಾಗ ಅವರೂ ನಕ್ಕರು, ಕಪಾಟಿನಿಂದ ಹಳೆಯ ಖಾತೆ ಪುಸ್ತಕ ತರಿಸಿದರು. ಅಲ್ಲಿ ಮಲ್ಲವ್ವನದು ಹೆಬ್ಬೆಟ್ಟು. ಇನ್ನೊಂದು ಪುಟದಲ್ಲಿ ಕನ್ನಡದಲ್ಲಿ ಸಹಿ: ನಡುಗುವ ಕೈಯ ಮೂರು ಅಕ್ಷರ, ಮಾಳವ್ವ. ಎಷ್ಟೋ ವರ್ಷಗಳಿಂದ ಆ ಕಚೇರಿಯವರು ಅದನ್ನು ಚಿತ್ರವೆಂದು ಹೋಲಿಸಿ ನೋಡುತ್ತಿದ್ದರು, ಹೆಸರೆಂದು ಓದಿರಲಿಲ್ಲ. ಆ ದಿನ ಹುಡುಗಿ ಓದಿದಳು.

ಖಾತೆ ಬೇರೆಯಾಯಿತು, ಬಡ್ಡಿಯೂ ಸೇರಿತು. ಬೋರಮಾಳ ಬಿಡಿಸುವಾಗ ಮಾಳವ್ವ ಸಾಹುಕಾರನಿಗೆ ಕೊಟ್ಟ ಬಡ್ಡಿಯನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ. ಅಂಥ ಬಾಬಿಗೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಅಂದಿನಿಂದ ಈ ‘ಮರೆತು ಹೋಲಿಸುವ’ ವಿದ್ಯೆಯ ಕಡೆಗೆ ನನ್ನ ಗಮನ ಹರಿಯಿತು. ಇದು ನಮ್ಮೊಬ್ಬರ ಕಷ್ಟವಲ್ಲ. ತುರ್ಕಿಯವರು 1928ರಲ್ಲಿ ಲ್ಯಾಟಿನ್ ಲಿಪಿಗೆ ಬಂದಾಗ ‘ಐ’ ಅಕ್ಷರವನ್ನು ಎರಡು ಮಾಡಿಕೊಂಡರು: ಚುಕ್ಕೆ ಇರುವುದು ಒಂದು, ಇಲ್ಲದ್ದು ಒಂದು. ಎರಡಕ್ಕೂ ತಮ್ಮ ತಮ್ಮ ದೊಡ್ಡ ರೂಪಗಳಿವೆ, ಉಚ್ಚಾರವೂ ಬೇರೆ. ಇಂಗ್ಲಿಷಿನ ದೊಡ್ಡ ‘ಐ’ಯನ್ನು ತುರ್ಕಿ ಪದ್ಧತಿಯಲ್ಲಿ ಸಣ್ಣದು ಮಾಡಿದರೆ ಚುಕ್ಕೆಯಿಲ್ಲದ ಅಕ್ಷರ ಬರುತ್ತದೆ. ಬೇರೆ ದೇಶದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಅಲ್ಲಿ ಹೋಗಿ ಮುಗ್ಗರಿಸುತ್ತದೆ. ಜರ್ಮನ್ನಿನಲ್ಲಿ ಬೀದಿ ಎಂಬ ಅರ್ಥದ ‘ಸ್ಟ್ರಾಸೆ’ಯನ್ನು ಸಣ್ಣಕ್ಷರದಲ್ಲಿ ಬರೆದರೆ ಆರು ಅಕ್ಷರ, ರೂಢಿಯಂತೆ ದೊಡ್ಡಕ್ಷರದಲ್ಲಿ ಬರೆದರೆ ಏಳು. ವೇಷ ಬದಲಿಸಿದರೆ ಉದ್ದವೇ ಬದಲಾಗುತ್ತದೆ. ಯಾವ ಭೇದ ಕ್ಷುಲ್ಲಕ, ಯಾವುದು ಮುಖ್ಯ ಎಂಬುದನ್ನು ಯಂತ್ರ ಹೇಳಲಾರದು. ಆ ಭಾಷೆಯ ಮನೆಯವರನ್ನು ಕೇಳಬೇಕು.

ಮಲಯಾಳ ಬಲ್ಲ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಆ ಲಿಪಿಯ ಚಿಲ್ಲು ಅಕ್ಷರಗಳಿಗೆ ಮೊದಲು ಸ್ವಂತ ಸಂಖ್ಯೆ ಇರಲಿಲ್ಲ. ‘ನ’ಕಾರ, ಚಂದ್ರಕ್ಕಲ, ಕೊನೆಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು, ಹೀಗೆ ಮೂರು ಸೇರಿಸಿ ಚಿಲ್ಲು ಬರೆಯುತ್ತಿದ್ದರು. ಕಾಣದ ಗುರುತನ್ನು ಹೋಲಿಕೆಯ ಹೊತ್ತಿಗೆ ಬಿಟ್ಟುಬಿಡಬಹುದು ಎಂಬುದು ಯಂತ್ರದ ನಿಯಮ. ಬಿಟ್ಟರೆ ದೊಡ್ಡ ಪರದೆ ಎಂಬ ಅರ್ಥದ ‘ವನ್‌-ಯವನಿಕ’ಯೂ, ಕಾಡುತೋಟ ಎಂಬ ಅರ್ಥದ ‘ವನ್ಯ-ವನಿಕ’ಯೂ ಒಂದೇ ಆಗಿಬಿಡುತ್ತವೆ. ಬಹಳ ವಾದ ವಿವಾದ ನಡೆದು, 2008ರ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ಸಂಖ್ಯೆ ಸಿಕ್ಕಿತು. ಆದರೆ ಹಳೆಯ ರೀತಿಯಲ್ಲಿ ಬರೆದದ್ದು ಹಾಗೆಯೇ ಉಳಿದಿರುವುದರಿಂದ, ಕಣ್ಣಿಗೆ ಒಂದೇ ಆದ ಪದ ಯಂತ್ರಕ್ಕೆ ಎರಡಾಗಿರುವುದೂ ಉಂಟು.

ಕನ್ನಡದಲ್ಲಿ ಇದರ ತಮ್ಮನಿದ್ದಾನೆ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಇದೆ. ಸೊಲ್ಲಾಪುರದ ‘ಸೊ’ವನ್ನು ಅದರಲ್ಲಿ ಎರಡು ರೀತಿ ಬರೆಯಬಹುದು: ‘ಸ’ಕ್ಕೆ ಒಕಾರದ ಒಂದೇ ಗುರುತು ಹಚ್ಚಿ, ಇಲ್ಲವೆ ಎಕಾರದ ಗುರುತು, ಅದರ ಮುಂದೆ ಊಕಾರದ ಗುರುತು ಹಚ್ಚಿ. ತೆರೆಯ ಮೇಲೆ ಎರಡೂ ಸೊಲ್ಲಾಪುರವೇ. ಸಂಖ್ಯೆಗಳನ್ನು ಮಾತ್ರ ಹೋಲಿಸಿದರೆ ಎರಡು ಬೇರೆ ಊರು. ಇವನ್ನು ಒಂದೇ ರೂಪಕ್ಕೆ ತಂದು ಹೋಲಿಸಬೇಕೆಂದು ಯೂನಿಕೋಡಿನ ನಿಯಮವೇ ಇದೆ. ಇಲ್ಲಿ ಭೇದವನ್ನು ಮರೆಯುವುದೇ ಧರ್ಮ, ಯಾಕೆಂದರೆ ಯಾವ ಕನ್ನಡಿಗನಿಗೂ ಆ ಭೇದ ಕಾಣುವುದಿಲ್ಲ. ‘ಲ’ ಮತ್ತು ‘ಳ’ಗಳ ಭೇದ ಎಲ್ಲ ಕನ್ನಡಿಗರಿಗೂ ಕಾಣುತ್ತದೆ; ಅಲ್ಲಿ ಮರೆಯುವುದು ಅಧರ್ಮ. ಮರಾಠಿಯ ಬರಹದಲ್ಲಿ ಹ್ರಸ್ವ ‘ಎ’, ‘ಒ’ಗಳಿಲ್ಲದ್ದರಿಂದ ನಮ್ಮ ‘ಬೆಳೆ’, ‘ಬೇಳೆ’ ಎರಡೂ ಅಲ್ಲಿ ಒಂದೇ ಆಗುತ್ತವೆ. ಅದು ಆ ಲಿಪಿಯ ತಪ್ಪಲ್ಲ, ಆ ಭಾಷೆಗೆ ಅದು ಬೇಕಾಗಿಲ್ಲ. ನಮಗೆ ಬೇಕು.

ಭಾಷೆಗಳೂ ಭೇದಗಳನ್ನು ಮರೆಯುತ್ತವೆ, ಒಪ್ಪುತ್ತೇನೆ. ಹಳಗನ್ನಡದಲ್ಲಿ ಬದುಕು ಎಂಬ ಅರ್ಥದ ‘ಬಾೞ್’ ಬೇರೆ, ಕತ್ತಿ ಎಂಬ ಅರ್ಥದ ‘ಬಾಳ್’ ಬೇರೆ ಇದ್ದವು. ಮಲಯಾಳ ಆ ‘ೞ’ಕಾರವನ್ನು ಇಂದಿಗೂ ಇಟ್ಟುಕೊಂಡಿದೆ, ನಾವು ‘ಳ’ದಲ್ಲಿ ಕರಗಿಸಿದೆವು. ಆದರೆ ಅದನ್ನು ಕರಗಿಸಿದವರು ಆಡುವ ಜನ, ಹಿಡಿದದ್ದು ತಲೆಮಾರುಗಳ ಕಾಲ. ಯಾರ ಠೇವಣಿಯೂ ಅದರಿಂದ ಕಳೆಯಲಿಲ್ಲ. ಆಡದವನೊಬ್ಬ ಒಂದು ರಾತ್ರಿಯಲ್ಲಿ, ಒಂದು ಸಾಲಿನಲ್ಲಿ ಮಾಡುವ ಮರೆವು ಬೇರೆ.

ಹಾಗೆಂದು ಮರೆತು ಹೋಲಿಸುವುದೇ ಬೇಡವೇ? ಬೇಕು. ಇಲ್ಲದಿದ್ದರೆ ಸಿದ್ರಾಮನನ್ನು ಹುಡುಕುವವನಿಗೆ ಸಿದ್ಧರಾಮ ಸಿಗುವುದೇ ಇಲ್ಲ. ಆ ಪತಸಂಸ್ಥೆಯಲ್ಲಿ ನಾವು ಮಾಡಿದ ವ್ಯವಸ್ಥೆ ಇಷ್ಟು. ಹೆಸರು ಕೊಟ್ಟವರು ಕೊಟ್ಟಂತೆ ಒಂದು ಕಾಲಂ. ಅದನ್ನು ಯಾವ ಪ್ರೋಗ್ರಾಮೂ ಮುಟ್ಟಬಾರದು. ಅದರ ಪಕ್ಕದಲ್ಲಿ, ದೊಡ್ಡದು ಸಣ್ಣದು ಬಿಟ್ಟು, ಒತ್ತು ಬಿಟ್ಟು, ಹುಡುಕುವುದಕ್ಕೆ ಮಾತ್ರ ಇನ್ನೊಂದು ಕಾಲಂ. ಎರಡು ಹೆಸರು ಕೂಡಿದರೆ ಯಂತ್ರ ತೋರಿಸಲಿ, ಕೂಡಿಸುವುದು ಬೇಡ. ಇಬ್ಬರೋ ಒಬ್ಬರೋ ಎಂಬುದನ್ನು ಊರು ಬಲ್ಲವರು ಪಾವತಿ ನೋಡಿ, ಆಳನ್ನು ಕೇಳಿ ನಿರ್ಣಯಿಸಲಿ. ಆ ಕೆಲಸವನ್ನು ಹುಡುಗಿಗೇ ವಹಿಸಿದರು. ವಾರದೊಳಗೆ ಅವಳು ಇಂಥವೇ ಇನ್ನೂ ಕೆಲವು ಜೋಡಿಗಳನ್ನು ಬಿಡಿಸಿಕೊಟ್ಟಳು; ಅವರಲ್ಲಿ ಹಲವರಿಗೆ ತಮ್ಮ ಖಾತೆ ಹೋದದ್ದೂ ತಿಳಿದಿರಲಿಲ್ಲ, ಬಂದದ್ದೂ ತಿಳಿಯಲಿಲ್ಲ.

ಇಂದು ಕಾಲ ಬದಲಾಗಿದೆ. ಕೈಯಲ್ಲಿರುವ ಫೋನಿನಲ್ಲೇ ಕನ್ನಡ, ಮರಾಠಿ, ಮಲಯಾಳ ಎಲ್ಲ ಬರೆಯಬಹುದು. ಆದರೆ ಶಾಲೆಯ ದಾಖಲೆಯಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಎಂಬ ಕಾಟ ಹೋಗಿಲ್ಲ. ನಮ್ಮ ಊರಿನ ಜಯದೇವಿತಾಯಿ ಲಿಗಾಡೆ ಅವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಅಂಥವರ ಅಡ್ಡಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು ಅಪರಿಚಿತರ ಕೈಗೆ ಕೊಟ್ಟರೆ ಲಿಗಡೆ ಎನ್ನುವರೋ, ಲಿಗಾಡೆ ಎನ್ನುವರೋ, ಹೇಳಲಾಗದು. ಹೀಗಿರುವಾಗ ನಮ್ಮ ನಿಮ್ಮ ಮನೆಯ ಮಕ್ಕಳ ಪಾಡೇನು?

ಆದ್ದರಿಂದ ಗಡಿಯಲ್ಲಿರುವ ಮನೆಗಳವರಿಗೆ ನನ್ನದೊಂದು ವಿನಂತಿ. ಮಗುವಿಗೆ ಹೆಸರಿಟ್ಟ ದಿನವೇ ಅದನ್ನು ಕನ್ನಡದಲ್ಲಿ, ರಾಜ್ಯದ ಭಾಷೆಯಲ್ಲಿ, ಇಂಗ್ಲಿಷಿನಲ್ಲಿ ಒಂದೊಂದೇ ರೀತಿ ಗೊತ್ತುಮಾಡಿ ಒಂದು ಹಾಳೆಯಲ್ಲಿ ಬರೆದಿಡಿರಿ. ಎಲ್ಲಿ ಹೋದರೂ ಆ ಹಾಳೆಯಂತೆಯೇ ಬರೆಸಿರಿ. ಸಹಿಯನ್ನು ಕನ್ನಡದಲ್ಲಿ ಮಾಡಿರಿ. ಓದುವವರು ಇಲ್ಲದ ಕಚೇರಿಯಲ್ಲಿಯೂ ಮಾಡಿರಿ. ಎಂದೋ ಒಂದು ದಿನ ಅಲ್ಲಿ ಓದಬಲ್ಲ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿರುತ್ತಾಳೆ.